ಮುಳುಗಡೆಯ ದಡದಲ್ಲಿ ಅಮ್ಮನ ಕಾವಲು

ಸಿಗಂದೂರಿನ ಬಸ್ಸು ಸಾಗರ ಬಿಟ್ಟು ಆವಿನಹಳ್ಳಿ ದಾರಿ ಹಿಡಿದಿದೆ. ಶುಕ್ರವಾರವಾದ್ದರಿಂದ ಒಳಗೆ ಕಾಲೂರಲು ಜಾಗವಿಲ್ಲ. ಹೇಗೋ ನಿಮಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಮಗ್ಗುಲಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಮಡಿಲಲ್ಲಿ ಹಣ್ಣುಕಾಯಿಯ ಕೈಚೀಲ, ಸೊಂಟದಲ್ಲಿ ಎಲೆಅಡಕೆ ಸಂಚಿ. ಜನವರಿಯ ಚಳಿಗೆ ಗಾಜು ಸರಿಸಿದ್ದರೂ ಸಂದಿಯಿಂದ ಬೆಂದ ಅಡಕೆಯ ಒಗರು ವಾಸನೆ ನುಗ್ಗುತ್ತಿದೆ. ಕೊನೆ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಮನೆ ಮುಂದೆ ಹಂಡೆ ಒಲೆಯ ಬೂದಿ, ಚೊಗರು ಹತ್ತಿ ಕೆಂಪಾದ ಅಂಗಳ, ಅಟ್ಟದ ಮೇಲೆ ಹರವಿದ ಅಡಕೆ. ಸೊಸೈಟಿ ಸಾಲ, ಮಕ್ಕಳ ಫೀಸು, ಮುಂದಿನ ಮಳೆಗಾಲದ ಮೈಲುತುತ್ತ, ಸುಣ್ಣ, ಎಲ್ಲದರ ಲೆಕ್ಕವೂ ಬೀಗವಿಲ್ಲದೆ ಬಯಲಲ್ಲಿ ಒಣಗುತ್ತಿದೆ.

ಒಂದು ಉಣುಗೋಲಿನ ಪಕ್ಕ ತಗಡಿನ ಫಲಕ ಕಾಣುತ್ತದೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಒಕ್ಕಣೆ. ತುಸು ಮುಂದೆ ತೋಟದ ಬೇಲಿಗೊಂದು, ಪಂಪ್‌ಸೆಟ್ಟಿನ ಗೂಡಿಗೊಂದು, ಅರ್ಧ ಕಟ್ಟಿದ ಮನೆಯ ಇಟ್ಟಿಗೆ ರಾಶಿಗೊಂದು. ಮಲೆನಾಡಿನಲ್ಲಿ ಓಡಾಡಿದವರಿಗೆ ಈ ಫಲಕ ಹೊಸತಲ್ಲ. ಕದ್ದ ಮಾಲು ರಾತ್ರೋರಾತ್ರಿ ಅಂಗಳಕ್ಕೆ ವಾಪಸು ಬಂದ ಕತೆ ಊರಿಗೊಂದು ಇದೆ. ನಿಮ್ಮ ಹಿಂದಿನ ಸೀಟಿನಲ್ಲಿ ಅಂಥದ್ದೇ ಒಂದು ಶುರುವಾಗಿದೆ. ಈ ಸಲದ್ದು ಗೇರುಬೀಜದ ಮೂಟೆ.

ಹೊಳೆಬಾಗಿಲು ಬಂತು. ಮೊದಲಾಗಿದ್ದರೆ ಇಲ್ಲಿ ಇಳಿದು ಲಾಂಚಿಗೆ ಕಾಯಬೇಕಿತ್ತು. ಬಸ್ಸು, ಜೀಪು, ಬೈಕು, ಭಕ್ತರು, ಮೊಸರಿನ ಕ್ಯಾನು ಎಲ್ಲವೂ ಒಂದೇ ಲಾಂಚಿನಲ್ಲಿ ಕಳಸವಳ್ಳಿ ದಡ ಸೇರುತ್ತಿದ್ದವು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳಿಗೆ ಅವಕಾಶವಿರಲಿಲ್ಲ. ಸಂಜೆಯ ಕೊನೇ ಲಾಂಚು ಹೋಯಿತೆಂದರೆ ಆಚೆ ದಡದ ತುಮರಿ ಕಡೆಯವರಿಗೆ ಲೋಕದ ಬಾಗಿಲು ಮುಚ್ಚಿದ ಹಾಗೆ. ಅಪರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಒಂದೋ ಕಾಡಿನ ದೂರದ ಸುತ್ತುದಾರಿ, ಇಲ್ಲವೇ ಲಾಂಚಿನವರನ್ನು ಎಬ್ಬಿಸುವುದು. ಆರು ದಶಕ ಹಾಗೇ ಕಳೆಯಿತು. ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು.

ಈಗ ಬಸ್ಸು ನೇರ ಸೇತುವೆಗೆ ಏರಿದೆ. ಎರಡು ಕಿಲೋಮೀಟರಿಗೂ ಉದ್ದ. ಗೋಪುರಗಳಿಂದ ಇಳಿಬಿದ್ದ ದಪ್ಪ ಕೇಬಲ್ಲುಗಳು ಒಂದೊಂದಾಗಿ ಕಿಟಕಿ ದಾಟುತ್ತಿವೆ. ಮೊಬೈಲುಗಳೆಲ್ಲ ಹೊರಗೆ ಚಾಚಿವೆ. ಕೆಳಗೆ ಶರಾವತಿಯ ಹಿನ್ನೀರು. ನಡುವೆ ತಲೆ ಮಾತ್ರ ಉಳಿದು ದ್ವೀಪಗಳಾದ ಗುಡ್ಡಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ನಿಂತ ನೀರು ಇದು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟನ್ನೇ ಈ ನೀರು ನುಂಗಿಕೊಂಡಿದೆ; ನೀರು ತೀರಾ ತಳ ಕಂಡ ಬೇಸಿಗೆಯಲ್ಲಿ ಅದರ ಗೋಡೆ ಮೇಲೇಳುತ್ತದೆ. ನಾಡಿಗೆಲ್ಲ ದೀಪ ಹೊತ್ತಿಸಿದ ನೀರಿನಡಿ ಗದ್ದೆ, ತೋಟ, ಜಗಲಿ, ತುಳಸಿಕಟ್ಟೆ ಎಲ್ಲ ಇವೆ. ಎದ್ದು ಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ.

ಅಜ್ಜಿ ನಿಮ್ಮ ಮೈಮೇಲೆ ಬಗ್ಗಿ ಕಿಟಕಿಯಾಚೆ ಕೈ ತೋರಿಸುತ್ತಾರೆ. "ಅಲ್ಲೇ ಇತ್ತು ನಮ್ಮನೆ. ಆ ಗುಡ್ಡದ ಕೆಳಗೆ."

ಕಂಬಿ ಹಿಡಿದು ನಿಂತಿದ್ದ ಕಾಲೇಜು ಹುಡುಗನಿಗೆ ನಗು. "ಮನೆ ಮುಳುಗೋವಾಗ ನಿಮ್ಮ ದೇವರು ಎಲ್ಲಿತ್ತು ಅಜ್ಜಿ? ಕಾವಲು ಕಾಯ್ಲಿಲ್ವಾ?"

ನಿಮಗೂ ಕೇಳಬೇಕೆನಿಸಿದ್ದ ಪ್ರಶ್ನೆಯೇ. ಅಜ್ಜಿಗೆ ಸಿಟ್ಟು ಬರುವುದಿಲ್ಲ. ಎಲೆಗೆ ಸುಣ್ಣ ಸವರುತ್ತಲೇ ಹೇಳುತ್ತಾರೆ: "ಅವಳೂ ನಮ್ಮ ಸಂಗಡ ಲಾರಿ ಹತ್ತಿದ್ಲು ಮಾರಾಯ. ಅಪ್ಪಯ್ಯ ಬಾಗಿಲು ಕಿತ್ತು ಲಾರಿಗೆ ಹಾಕ್ದ. ದೇವರ ಕಲ್ಲು ಅಬ್ಬೆ ಮಡಿಲಲ್ಲಿತ್ತು. ಇಳಿಸಿದ ಜಾಗದಲ್ಲಿ ಬರೀ ಕಾಡು. ಮಳೆ ಬೇರೆ. ಮೊದಲು ಕಲ್ಲಿಗೊಂದು ಸೋಗೆ ಮಾಡು ಕಟ್ಟಿ, ಆಮೇಲೆ ನಮಗೆ ಕಟ್ಕಂಡ್ವಿ."

ಕಂಡಕ್ಟರು ಟಿಕೆಟ್ಟು ಕೇಳುತ್ತಾ ನಡುವೆ ತೂರಿಬರುತ್ತಾನೆ. ಹುಡುಗ ಉಚಿತ ಟಿಕೆಟ್ಟಿಗೆ ತೋರಿಸಲು ಆಧಾರ್ ಕಾರ್ಡಿಲ್ಲದ ಅಜ್ಜಿಯ ಪರವಾಗಿ ಅವನ ಜೊತೆ ವಾದಕ್ಕೆ ಇಳಿಯುತ್ತಾನೆ.

ಸಿಗಂದೂರಿನಲ್ಲಿ ಸರದಿ ಉದ್ದವಿದೆ. ಮುಂದಿನವರ ಬೆನ್ನಿಗೆ ಎದೆ ತಾಗಿಸಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಸರಿಯುತ್ತೀರಿ. ಕುಂಕುಮ, ಹಣ್ಣುಕಾಯಿ, ಬೆವರು, ಊದುಬತ್ತಿ. ಕಿವಿಗೆ ಬೀಳುವುದೆಲ್ಲ ಕಷ್ಟದ ಮಾತು. ಒಬ್ಬರ ತೋಟಕ್ಕೆ ಎಲೆಚುಕ್ಕಿ ರೋಗ ಹತ್ತಿದೆ. ಔಷಧ ಹೊಡೆದು ಸಾಕಾಗಿ ಬಂದಿದ್ದಾರೆ. ಇನ್ನೊಬ್ಬರ ಮಗ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡಿದ್ದಾನೆ. ಅರಳಗೋಡು ಕಡೆಯ ದಂಪತಿ ಕಾಡಿನ ಮಗ್ಗುಲಿನವರು. ಅವರಿಗೆ ಈಗ ಉಣುಗಿನ ಹೆದರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ 2019ರಲ್ಲಿ ಅವರ ಸೀಮೆಯಲ್ಲಿ ಜನರನ್ನು ಬಲಿ ತೆಗೆದುಕೊಂಡಿತ್ತು. ದರಕು ತರಲು ಹೋಗುವಾಗ ಆಸ್ಪತ್ರೆಯವರು ಕೊಟ್ಟ ಎಣ್ಣೆ ಕೈಕಾಲಿಗೆ ಸವರಿಕೊಳ್ಳುತ್ತಾರಂತೆ. ಸವರಿಕೊಂಡ ಮೇಲೆ, ಅಮ್ಮ ಕಾಯಲಿ ಎಂದು ಬಾಗಿಲು ದಾಟುತ್ತಾರಂತೆ.

ಗರ್ಭಗುಡಿಯ ಎದುರು ನಿಮಗೆ ಸಿಗುವುದು ಒಂದೆರಡು ಗಳಿಗೆ. ದೀಪ, ಅರಿಸಿನ ಕುಂಕುಮ, ಹೂವಿನ ರಾಶಿಯ ನಡುವೆ ಬೆಳ್ಳಿಯ ಹೊಳಪು. ಬಾಯಿಗೆ ಬಂದ ಬೇಡಿಕೆ ಮುಗಿಯುವುದರೊಳಗೆ "ಮುಂದೆ ಹೋಗಿ" ಎಂಬ ಕೂಗು. ಪಕ್ಕದಲ್ಲಿ ಅಜ್ಜಿಯ ತುಟಿ ಅಲ್ಲಾಡುತ್ತಲೂ ಇಲ್ಲ. ಕೈ ಮುಗಿದು, ನೋಡಿ, ಸರಿದರು ಅಷ್ಟೆ.

ಈ ನೀರಿನ ಅಂಚಿನವರಿಗೆ, ದೇವರಿದ್ದರೆ ಏನೂ ಹೋಗದು ಎಂದು ನಂಬಲು ದಾರಿಯೇ ಇಲ್ಲ. ಹೋದದ್ದು ದಿನಾ ಕಣ್ಣೆದುರೇ ಇದೆ. ಆದರೂ ಬೇರೆಯವರ ಅಡಕೆ, ಗೇರುಬೀಜ, ಇಟ್ಟಿಗೆ ಕಾಯಬಲ್ಲ ದೇವಿ ಇಲ್ಲೇ ನೆಲೆಸಿದ್ದಾಳೆ ಎಂಬ ನಂಬಿಕೆ ಈ ದಡದಿಂದಲೇ ಮಲೆನಾಡೆಲ್ಲ ಹಬ್ಬಿತು. ಕಳೆದುಕೊಂಡವರ ಜೊತೆ ಕಾಡಿಗೂ ಬಂದವಳು ಎಂಬುದೇ ಅವಳ ಮೇಲಿನ ಭರವಸೆಗೆ ಇವರು ಕೊಡುವ ಕಾರಣ. ಬರುವ ವರ್ಷ ಏನಾಗುತ್ತದೋ ಇವರಿಗೂ ಗೊತ್ತಿಲ್ಲ. ಆಗುವಾಗ ಒಬ್ಬರೇ ಇರುವುದಿಲ್ಲ ಎಂಬುದು ಮಾತ್ರ ಗೊತ್ತು.

ಪೂಜೆ ಮಾಡಿಸಿದ ಫಲಕವನ್ನು ಅಜ್ಜಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಇಳಿಸಿದ್ದಾರೆ. ವಾಪಸು ಬಸ್ಸಿಗೆ ಕಾಯುವಾಗ ಅವರ ಫೋನು ರಿಂಗಣಿಸುತ್ತದೆ. ಆ ಕಡೆ ಮೊಮ್ಮಗ. ಫಲಕ ಬಂತಲ್ಲ, ಇವತ್ತಿನಿಂದ ಅಂಗಳದಲ್ಲಿ ಮಲಗುವ ಕೆಲಸ ತಪ್ಪಿತು ಎಂಬ ಅವನ ಖುಷಿ ನಿಮಗೂ ಕೇಳಿಸುತ್ತದೆ.

"ತಪ್ಪಿತಾ? ಯಾರು ಹೇಳಿದ್ದು?" ಅಜ್ಜಿ ದನಿ ಏರಿಸುತ್ತಾರೆ. "ಕಂಬಳಿ ತಗಂಡು ಬಂದು ಮಲಗು. ಅಮ್ಮ ಎದ್ದಿರೋವಾಗ ನಿಂಗೆಂಥ ನಿದ್ದೆ?"