ಮುಷ್ಕರದ ವಾರ್ಡಿಗೆ ಕರೆ ಬಂದಾಗ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡದ ಮುಸ್ಲಿಮ್ ಮನೆಗಳಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ಆಗಿದೆ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಧಾರವಾಡ, ಹುಬ್ಬಳ್ಳಿ, ಬೆಂಗಳೂರುಗಳ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಮಕ್ತಬಿನಲ್ಲಿ ನಮ್ಮ ಮುಂದೆ ಕಾಯಿದಾ ಹಿಡಿದು ಕುಳಿತಿದ್ದ ಹುಡುಗಿಯರು ಇಂದು ತೀವ್ರ ನಿಗಾ ಘಟಕದಲ್ಲಿ ರಾತ್ರಿಯಿಡೀ ಎಚ್ಚರವಾಗಿರುತ್ತಾರೆ. ಅವರು ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ನಾವು ಓದಿದ ಗ್ರಂಥಗಳಲ್ಲಿ ಉತ್ತರವಿರುತ್ತದೆ, ಆದರೆ ಆ ಉತ್ತರ ಇರುವ ಪುಟವನ್ನು ಹುಡುಕಬೇಕಾಗುತ್ತದೆ.

ಅಂತಹ ಒಂದು ಪ್ರಶ್ನೆ ಒಂದು ಗುರುವಾರ ಇಶಾ ನಮಾಝಿನ ಬಳಿಕ ಬಂದಿತು. ಹಳಿಯಾಳದ ಹುಡುಗಿ, ಧಾರವಾಡದಲ್ಲಿ ಕೆಲಸ. ಆಕೆಯ ಆಸ್ಪತ್ರೆಯ ಮಾಲೀಕರಿಗೆ ಬೆಂಗಳೂರಿನಲ್ಲಿಯೂ ಒಂದು ಆಸ್ಪತ್ರೆಯಿದೆ. ಅಲ್ಲಿನ ನರ್ಸ್‌ಗಳು ಸಂಬಳದ ವಿಚಾರವಾಗಿ ಮುಷ್ಕರ ಹೂಡಿದ್ದರು. "ನಾಳೆ ಬೆಳಿಗ್ಗೆಯೊಳಗೆ ಅಲ್ಲಿರಬೇಕು, ದಿನಕ್ಕೆ ಎರಡರಷ್ಟು ಸಂಬಳ ಕೊಡುತ್ತೇವೆ" ಎಂದು ಮೇಲಿನವರು ಹೇಳಿದ್ದರು. "ಹಜರತ್, ಹೋದರೆ ಆ ಅಕ್ಕಂದಿರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಹೋಗದಿದ್ದರೆ ಮಲಗಿರುವ ರೋಗಿಗಳ ಗತಿಯೇನು? ನಾನೇನು ಮಾಡಲಿ?" ಎಂದಳು. ಪಕ್ಕದಲ್ಲಿ ಆಕೆಯ ಅಮ್ಮಿಯ ದನಿಯೂ ಕೇಳುತ್ತಿತ್ತು. ಅಮ್ಮಿಯ ಚಿಂತೆ ಬೇರೆ: ರಾತ್ರಿ ಬಸ್ಸು, ಗೊತ್ತಿಲ್ಲದ ಊರು, ಜೊತೆಗೆ ಯಾರೂ ಇಲ್ಲ.

ಮುಷ್ಕರ ಹೂಡುವ ನರ್ಸ್‌ಗಳನ್ನು ದೂಷಿಸುವುದು ಸುಲಭ. ಆದರೆ ಹಿನ್ನೆಲೆ ತಿಳಿಯದೆ ದೂಷಿಸಬಾರದು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ಸಿಗುವ ವೇತನವನ್ನು ಕುರಿತು ಸಮಿತಿ ರಚಿಸುವಂತೆ ಸುಪ್ರೀಮ್ ಕೋರ್ಟು 2016ರ ಜನವರಿಯಲ್ಲಿ ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡಿತು. ಐವತ್ತು ಹಾಸಿಗೆಗಳಿಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆಗಳಿಗೂ ಮಿಗಿಲಾದ ಆಸ್ಪತ್ರೆಯಲ್ಲಿ ಸರಕಾರಿ ನರ್ಸ್‌ಗಳಷ್ಟೇ ಸಂಬಳವಿರಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಅದು ಜಾರಿಯಾಗಬೇಕೆಂದು 2017ರಲ್ಲಿ ಕೇರಳದ ನರ್ಸ್‌ಗಳು ಬೀದಿಗಿಳಿದರು. ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೈಗಿಡಬೇಕೆಂದು ಪ್ರವಾದಿ(ಸ)ರವರು ಕಲಿಸಿದ ಸಮುದಾಯಕ್ಕೆ ಈ ಬೇಡಿಕೆ ಅರ್ಥವಾಗದಿರಲು ಕಾರಣವಿಲ್ಲ.

ಅದೇ ಜುಲೈ ತಿಂಗಳಲ್ಲಿ ಕಣ್ಣೂರಿನಲ್ಲಿ ನಡೆದ ಸಂಗತಿಯನ್ನು ನಾವು ಆ ಹುಡುಗಿಗೆ ಹೇಳಿದೆವು. ಮುಷ್ಕರ ದಿನಗಟ್ಟಲೆ ಎಳೆದಾಗ ಅಲ್ಲಿನ ಜಿಲ್ಲಾಡಳಿತವು ನರ್ಸಿಂಗ್ ವಿದ್ಯಾರ್ಥಿಗಳೇ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ದುಡಿಯಬೇಕೆಂದು ಆದೇಶಿಸಿತು. ದಿನಕ್ಕೆ 150 ರೂಪಾಯಿ ಭತ್ಯೆ. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅವರ ಪ್ರತಿಭಟನೆ ನ್ಯಾಯವಾಗಿತ್ತೆಂದೇ ನಮ್ಮ ಅಭಿಪ್ರಾಯ. ಕಲಿಕೆ ಮುಗಿಯದ ಹುಡುಗಿಯ ಕೈಗೆ ಇನ್ನೊಬ್ಬರ ಪ್ರಾಣವನ್ನು ಒಪ್ಪಿಸಿದರೆ ರೋಗಿಗೂ ಅನ್ಯಾಯ, ಆ ಹುಡುಗಿಗೂ ಅನ್ಯಾಯ, ಹೊರಗೆ ನಿಂತಿರುವ ನರ್ಸ್‌ಗಳಿಗೂ ಅನ್ಯಾಯ.

ಅಮೆರಿಕದಲ್ಲಿ ಇದು ಒಂದು ಪ್ರತ್ಯೇಕ ಉದ್ಯೋಗವೇ ಆಗಿಬಿಟ್ಟಿದೆ. ಅಲ್ಲಿ 1974ರ ಕಾನೂನು ತಿದ್ದುಪಡಿಯಂತೆ ಆಸ್ಪತ್ರೆಯಲ್ಲಿ ಮುಷ್ಕರ ಹೂಡುವ ಸಂಘವು 10 ದಿನ ಮೊದಲೇ ತಿಳಿಸಬೇಕು. ಆ ಹತ್ತು ದಿನಗಳಲ್ಲಿ ಏಜೆನ್ಸಿಗಳು ದೂರದ ರಾಜ್ಯಗಳಿಂದ ನರ್ಸ್‌ಗಳನ್ನು ಕರೆತಂದು ಹೆಚ್ಚಿನ ಸಂಬಳಕ್ಕೆ ನಿಲ್ಲಿಸುತ್ತವೆ. ಹೋಗುವವರು ಪೆಟ್ಟಿಗೆ ಕಟ್ಟಿಯೇ ಇಟ್ಟುಕೊಂಡಿರುತ್ತಾರಂತೆ. ನಮ್ಮಲ್ಲಿ ಅಷ್ಟು ವ್ಯವಸ್ಥೆಯಿಲ್ಲ. ರಾತ್ರಿ ಫೋನು, ಬೆಳಿಗ್ಗೆ ಡ್ಯೂಟಿ.

ಮುಷ್ಕರವೆಂದರೆ ರೋಗಿಯನ್ನು ಸಾಯಲು ಬಿಡುವುದಲ್ಲ ಎಂಬುದು ಮುಷ್ಕರ ಹೂಡುವವರಿಗೇ ಹೆಚ್ಚು ಗೊತ್ತು. 2023ರ ಮಾರ್ಚ್ 1ರಂದು ಕರ್ನಾಟಕದ ಸರಕಾರಿ ನೌಕರರು ಕೆಲಸ ನಿಲ್ಲಿಸಿದಾಗ ಆಸ್ಪತ್ರೆಗಳ ಹೊರರೋಗಿ ವಿಭಾಗ ಮುಚ್ಚಿತ್ತು, ತುರ್ತು ಚಿಕಿತ್ಸೆ ನಡೆಯುತ್ತಿತ್ತು. 2024ರ ಆಗಸ್ಟ್ 17ರಂದು ದೇಶದಾದ್ಯಂತ ವೈದ್ಯರು ಒಂದು ದಿನ ಕೆಲಸ ನಿಲ್ಲಿಸಿದಾಗಲೂ ಹಾಗೆಯೇ ಆಯಿತು. ಆದರೂ ಕಾಡಿನ ನಡುವಿನ ಜೋಯಿಡಾದ ಹಳ್ಳಿಯಿಂದ ಎರಡು ವಾಹನ ಬದಲಿಸಿ ದಾಂಡೇಲಿಗೆ ಬಂದ ಮುದುಕಿಗೆ ಮುಚ್ಚಿದ ಬಾಗಿಲು ಮುಚ್ಚಿದ ಬಾಗಿಲೇ. ದೊಡ್ಡ ಕಾಯಿಲೆಗೆ ಧಾರವಾಡ, ಹುಬ್ಬಳ್ಳಿಗಳ ದಾರಿ ಹಿಡಿಯಲೇಬೇಕಾದ ನಮ್ಮ ತಾಲೂಕುಗಳ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಾವು ಆಕೆಗೆ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಯಾವ ವಾರ್ಡಿಗೆ ಎಂದು ಮೊದಲು ಕೇಳು ಎಂದೆವು. ತೀವ್ರ ನಿಗಾ ಘಟಕ, ಹೆರಿಗೆ ವಾರ್ಡು, ಡಯಾಲಿಸಿಸ್, ತುರ್ತು ವಿಭಾಗ – ಇವುಗಳಿಗಾದರೆ ಅಲ್ಲಿ ಮಲಗಿರುವವನ ಹಕ್ಕು ಎಲ್ಲಕ್ಕಿಂತ ಮುಂದಿದೆ. ಒಂದು ಊರಿನಲ್ಲಿ ಚಿಕಿತ್ಸೆ ಮಾಡುವವರು ಇರುವುದು ಫರ್ಝ್ ಕಿಫಾಯಾ ಎಂದು ಫುಕಹಾಗಳು ಹೇಳಿದ್ದಾರೆ. ಬೇರೆ ಯಾರೂ ಇಲ್ಲದಿದ್ದಾಗ ಆ ಹೊಣೆ ಇರುವ ಒಬ್ಬಳ ಮೇಲೆಯೇ ಬಂದು ನಿಲ್ಲುತ್ತದೆ. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನು ನಡೆಸಿ ಆಸ್ಪತ್ರೆಯ ಗಲ್ಲಾ ತುಂಬಿಸಲು ಕರೆಯುತ್ತಿದ್ದರೆ ಅದು ರೋಗಿಯ ಸೇವೆಯಲ್ಲ, ಒಂದು ಪಕ್ಷದ ಜೊತೆ ಸೇರಿ ಇನ್ನೊಂದು ಪಕ್ಷದ ಬಾಯಿ ಮುಚ್ಚಿಸುವುದು. ಮುಷ್ಕರ ಮಾಡಿದವರ ಜಾಗದಲ್ಲಿ ಖಾಯಂ ಆಗಿ ಉಳಿಯುವ ಯಾವ ಕಾಗದಕ್ಕೂ ಸಹಿ ಹಾಕಬೇಡ ಎಂದೂ ಸೇರಿಸಿದೆವು. ಬೇರೆ ಆಲಿಮರು ಬೇರೆ ರೀತಿ ಹೇಳಬಹುದು. ನಮಗೆ ಸರಿಯೆನಿಸಿದ್ದು ಇದು.

ಆಕೆ ವಿಚಾರಿಸಿದಳು. ಮಕ್ಕಳ ತೀವ್ರ ನಿಗಾ ಘಟಕ ಎಂಬ ಉತ್ತರ ಬಂದಿತು. ಹೊರಟಳು.

ಸಿದ್ಧತೆಗೆ ಸಿಕ್ಕಿದ್ದು ಎರಡು ಗಂಟೆ. ಆಕೆ ಚೀಲಕ್ಕೆ ಹಾಕಿಕೊಂಡದ್ದನ್ನು ಕೇಳಿ ನಮಗೆ ಸಂತೋಷವಾಯಿತು: ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರದ ಪ್ರತಿ, ಆಧಾರ್, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ, ಎರಡು ಜೊತೆ ಸಮವಸ್ತ್ರ, ಸವೆದ ಹಳೆಯ ಬೂಟುಗಳು (ಹೊಸ ಬೂಟು ಹಾಕಿಕೊಂಡು ಹನ್ನೆರಡು ಗಂಟೆ ನಿಲ್ಲಲಾಗದಂತೆ), ತೆಳು ಜಾನಮಾಝ್, ಒಂದು ಡಬ್ಬಿ ಚಟ್ನಿಪುಡಿ. ಕೇರಳ ಅಥವಾ ಗೋವಾಕ್ಕೆ ಕರೆದಿದ್ದರೆ ಈ ನೋಂದಣಿ ಸಾಲುತ್ತಿರಲಿಲ್ಲ. ನೋಂದಣಿ ಆಯಾ ರಾಜ್ಯದ ಕೌನ್ಸಿಲಿಗೆ ಸೇರಿದ್ದು. ಅವಸರದಲ್ಲಿ ಗಡಿ ದಾಟಿಸಿ ಕರೆದೊಯ್ಯುವವರು ಇದನ್ನು ಹೇಳುವುದಿಲ್ಲ. ಹೆತ್ತವರು ಕೇಳಿ ತಿಳಿದುಕೊಳ್ಳಬೇಕು.

ವಾರ್ಡಿನೊಳಗಿನ ಸಿದ್ಧತೆಯನ್ನು ಆಕೆಯೇ ನಮಗೆ ವಿವರಿಸಿದಳು. ಎಂದಿನ ದಿನ ಡ್ಯೂಟಿ ಮುಗಿಸಿದ ನರ್ಸ್ ಹೊಸಬಳಿಗೆ ಒಬ್ಬೊಬ್ಬ ರೋಗಿಯ ಸ್ಥಿತಿಯನ್ನು ಹೇಳಿ ಒಪ್ಪಿಸಿ ಹೋಗುತ್ತಾಳೆ. ಮುಷ್ಕರದ ದಿನ ಒಪ್ಪಿಸುವವಳೇ ಗೇಟಿನ ಹೊರಗಿರುತ್ತಾಳೆ. ಹೀಗಾಗಿ ಮೊದಲ ಗಂಟೆಯಲ್ಲಿ ಆಕೆ ಔಷಧದ ಚಾರ್ಟುಗಳನ್ನು ವೈದ್ಯರ ಎದುರಿಗೆ ಓದಿ ಖಚಿತಪಡಿಸಿಕೊಂಡಳು. ತುರ್ತು ಟ್ರಾಲಿ ಎಲ್ಲಿದೆ, ಆಮ್ಲಜನಕದ ವ್ಯವಸ್ಥೆ ಹೇಗಿದೆ, ರಾತ್ರಿ ವೈದ್ಯರನ್ನು ಕರೆಯುವ ನಂಬರ್ ಯಾವುದು ಎಂದು ನೋಡಿಕೊಂಡಳು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಮ್ ಮೊದಲಾದವನ್ನು ಇನ್ನೊಬ್ಬರು ಪರೀಕ್ಷಿಸದೆ ಕೊಡುವುದಿಲ್ಲವೆಂದು ಹಠ ಹಿಡಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನಮ್ಮ ಮದ್ರಸಾಗಳಲ್ಲಿ ಜ್ಞಾನದ ಅರ್ಧ ಭಾಗವೆಂದು ಹೇಳಿಕೊಡುವ ಮಾತು. ಅದು ಇಂಜೆಕ್ಷನ್ ಟ್ರೇಯ ಮುಂದೆ ಇಷ್ಟು ಬೇಕಾಗುತ್ತದೆಂದು ನಾವು ಊಹಿಸಿರಲಿಲ್ಲ.

ಅಮ್ಮಿಯ ಚಿಂತೆಗೂ ಪರಿಹಾರ ಬೇಕಿತ್ತು. ಸಫರಿನಷ್ಟು ದೂರಕ್ಕೆ ಹೆಣ್ಣು ಮಹ್ರಮ್ ಇಲ್ಲದೆ ಹೋಗಬಾರದೆಂಬುದು ಹನಫೀ ಫಿಕ್ಹಿನ ಪ್ರಸಿದ್ಧ ಅಭಿಪ್ರಾಯ. ನಂಬಿಕಸ್ತ ಸ್ತ್ರೀಯರ ಗುಂಪಿನೊಂದಿಗೆ ಕಡ್ಡಾಯ ಹಜ್ಜಿಗೆ ಹೋಗಲು ಶಾಫಿಈ ಮದ್‌ಹಬ್ ಅನುಮತಿಸುತ್ತದೆ. ಭಟ್ಕಳದ ನಮ್ಮ ಬಂಧುಗಳು ಅದನ್ನು ನೆನಪಿಸುವುದುಂಟು. ಇಲ್ಲಿ ತಮ್ಮನೇ ಜೊತೆಗೆ ಹೊರಟ. ಹಾಸ್ಟೆಲಿನವರೆಗೆ ಬಿಟ್ಟು, ವಾರ್ಡನ್‌ರ ನಂಬರ್ ಪಡೆದು ಮರಳಿದ. ಈ ವಿಷಯದಲ್ಲಿ ಹೆಣ್ಣುಮಗಳನ್ನು ಗದರಿಸುವುದರ ಬದಲು ಮನೆಯ ಗಂಡಸರು ಒಂದು ರಾತ್ರಿಯ ನಿದ್ದೆ ಬಿಡಲು ಕಲಿತರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇಂತಹ ಸೇವೆ ಹೊಸದೇನಲ್ಲ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿ(ಸ)ರವರು ಅವರನ್ನು ಮಸೀದಿಯ ಬಳಿ ರುಫೈದಾ(ರ)ರ ಗುಡಾರಕ್ಕೆ ಸೇರಿಸಿದರು. ಗಾಯಾಳು ಬರುವ ಮೊದಲೇ ಆ ಗುಡಾರ ಅಲ್ಲಿತ್ತು ಎಂಬುದನ್ನು ನಾವು ಗಮನಿಸುವುದು ಕಡಿಮೆ.

ನಮಾಝಿನ ಮಸ್‌ಅಲಾಗಳೂ ಬಂದವು. ಹಳಿಯಾಳದಿಂದ ಧಾರವಾಡಕ್ಕೆ ಹೋದವಳು ಮುಸಾಫಿರ್ ಆಗುವುದಿಲ್ಲ, ದೂರ ಸಾಲದು. ಬೆಂಗಳೂರಿಗೆ ಹೋದವಳು ಸುಮಾರು 78 ಕಿಲೋಮೀಟರಿನ ಮಿತಿಯನ್ನು ಎಷ್ಟೋ ದಾಟಿದ್ದಾಳೆ. ಮುಷ್ಕರ ಇಂದು ಮುಗಿಯಬಹುದು, ನಾಳೆ ಮುಗಿಯಬಹುದು. ಹದಿನೈದು ದಿನ ಉಳಿಯುವ ನಿಯ್ಯತ್ ಆಕೆಗಿರಲಿಲ್ಲ. ಅಂತಹವಳು ದಿನಗಳು ಎಷ್ಟೇ ಮುಂದೆ ಹೋದರೂ ಹನಫೀ ಫಿಕ್ಹಿನಂತೆ ಕಸ್ರ್ ಮಾಡುತ್ತಲೇ ಇರಬೇಕು. ಎರಡು ನಮಾಝ್‌ಗಳನ್ನು ಒಂದೇ ವೇಳೆಯಲ್ಲಿ ಸೇರಿಸುವ ಅನುಮತಿ ನಮ್ಮಲ್ಲಿಲ್ಲ. ಝುಹ್ರನ್ನು ಅದರ ಕೊನೆಯ ವೇಳೆಯಲ್ಲಿ, ಅಸ್ರನ್ನು ಅದರ ಮೊದಲ ವೇಳೆಯಲ್ಲಿ ನಿರ್ವಹಿಸಿದರೆ ಒಂದೇ ವಿರಾಮದಲ್ಲಿ ಎರಡೂ ಆಗುತ್ತವೆ. ನಮಾಝಿನ ನಡುವೆ ಮಗುವಿನ ಉಸಿರಾಟದ ಯಂತ್ರ ಸದ್ದು ಮಾಡಿದರೆ ನಮಾಝ್ ಮುರಿದು ಓಡಬೇಕು, ಆಮೇಲೆ ಮೊದಲಿನಿಂದ ನಿರ್ವಹಿಸಬೇಕು. ಇದರಲ್ಲಿ ಸಂಕೋಚ ಬೇಡ.

ಒಂಬತ್ತನೆಯ ದಿನ ಮಾತುಕತೆ ಮುಗಿದು ಮುಷ್ಕರ ಹಿಂತೆಗೆಯಲಾಯಿತು. ಬೇಡಿಕೆಯಲ್ಲಿ ಅರ್ಧದಷ್ಟು ಸಿಕ್ಕಿತಂತೆ. ಎರಡರಷ್ಟು ಸಂಬಳ ಹಲಾಲೇ ಎಂದು ಕೇಳಿದಳು. ದುಡಿದದ್ದಕ್ಕೆ ಒಪ್ಪಂದದಂತೆ ಬಂದ ಕೂಲಿ ಹಲಾಲ್ ಎಂದೆವು. ಅಲ್ಲಿ ಎರಡು ದಿನ ತಪ್ಪಿಹೋದ ಝುಹ್ರಿನ ಕಝಾವನ್ನು ಮನೆಗೆ ಬಂದ ಮೇಲೆ ಎಷ್ಟು ರಕಅತ್ ನಿರ್ವಹಿಸಲಿ ಎಂಬುದು ಆಕೆಯ ಕೊನೆಯ ಪ್ರಶ್ನೆ. ಸಫರಿನಲ್ಲಿ ತಪ್ಪಿದ್ದನ್ನು ಮನೆಯಲ್ಲಿ ನಿರ್ವಹಿಸಿದರೂ ಹನಫೀಗಳಿಗೆ ಎರಡೇ ರಕಅತ್, ಶಾಫಿಈಗಳಿಗೆ ನಾಲ್ಕು.