ಕಂದು ಹಾಕಿದ ಕುರಿಗಳು

ಆದಿಕಾಂಡದ 31ನೆಯ ಅಧ್ಯಾಯದಲ್ಲಿ ಯಾಕೋಬನು ತನ್ನ ಮಾವ ಲಾಬಾನನೆದುರು ನಿಂತು ಇಪ್ಪತ್ತು ವರ್ಷಗಳ ಚಾಕರಿಯ ಲೆಕ್ಕ ಒಪ್ಪಿಸುವ ಭಾಗವನ್ನು ನೀವು ಓದಿರುತ್ತೀರಿ. ಹಗಲಿನ ಬಿಸಿಲು, ಇರುಳಿನ ಚಳಿ, ಕಣ್ಣಿಗೆ ಹತ್ತದ ನಿದ್ದೆ, ಇವೆಲ್ಲ ಆಮೇಲಿನ ಮಾತುಗಳು. ಅವನ ಲೆಕ್ಕ ಆರಂಭವಾಗುವುದೇ ಬೇರೆ ಕಡೆಯಿಂದ: ತಾನು ಕಾಯ್ದಷ್ಟು ಕಾಲವೂ ಮಾವನ ಕುರಿಗಳಾಗಲಿ ಆಡುಗಳಾಗಲಿ ಕಂದು ಹಾಕಲಿಲ್ಲವೆಂದು ಅವನು ಮೊದಲು ಹೇಳುತ್ತಾನೆ. ಕಾಡುಮೃಗ ಕೊಂದ ಕುರಿಯ ನಷ್ಟವನ್ನೂ ತಾನೇ ಹೊತ್ತೆನೆಂದು ಅದರ ಬೆನ್ನಿಗೇ ಹೇಳುತ್ತಾನೆ. ಪೇಟೆಯಲ್ಲಿ ಬೆಳೆದವರಿಗೆ ಈ ಮಾತುಗಳು ಅಷ್ಟಾಗಿ ನಾಟುವುದಿಲ್ಲ. ಕುರಿ ಸಾಕುವವರ ಮನೆಯಲ್ಲಿ ಓದಿ ನೋಡಿರಿ, ಹಿರಿಯರು ತಲೆದೂಗುತ್ತಾರೆ. ಕುರಿಗಾರನ ವರ್ಷದ ದುಡಿಮೆಯೆಲ್ಲ ಐದು ತಿಂಗಳು ಗಬ್ಬದ ಕುರಿಯ ಹೊಟ್ಟೆಯಲ್ಲಿ ಇರುತ್ತದೆ. ಅದು ದಿನ ತುಂಬುವ ಮೊದಲೇ ನೆಲಕ್ಕೆ ಬಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ವಿಜಯಪುರದಿಂದ ಪಶ್ಚಿಮಕ್ಕೆ ಹೋದರೆ ತಿಕೋಟಾ, ನೈರುತ್ಯಕ್ಕೆ ಹೋದರೆ ಬಬಲೇಶ್ವರ. ಇಂದು ಎರಡೂ ತಾಲೂಕು ಕೇಂದ್ರಗಳು. ತಿಕೋಟಾದ ಕಡೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಎದ್ದಿವೆ. ಆದರೂ ಎರೆ ಹೊಲದ ಬಿಳಿಜೋಳ ಮತ್ತು ಕುರಿ ಹಿಂಡು ಈ ಸೀಮೆಯ ಹಳೆಯ ಆಸ್ತಿ. ಈ ಎರಡು ಊರುಗಳ ನಡುವೆ ನನ್ನ ತಮ್ಮನ ಹೊಲವಿದೆ. ನಾನು ಶಾಲೆಯ ನೌಕರಿ ಮುಗಿಸಿ ವಿಜಯಪುರದಲ್ಲಿಯೇ ಉಳಿದೆ, ಅವನು ಹೊಲದಲ್ಲಿ ಉಳಿದ. ಅವನ ಹಟ್ಟಿಯಲ್ಲಿ ಅರವತ್ತರ ಮೇಲೆ ಕುರಿಗಳು, ಜೊತೆಗೆ ನಾಲ್ಕಾರು ಆಡು. ಕಾಯುವವನು ನಮ್ಮ ತಂದೆಯ ಕಾಲದಿಂದ ಇರುವ ಹಾಲುಮತದ ಅಜ್ಜ. ಕುರಿಯ ಕಿವಿ ನೋಡಿ ಅದರ ತಾಯಿ ಯಾವುದೆಂದು ಹೇಳಬಲ್ಲ ಮನುಷ್ಯ.

ಮುಂಗಾರಿನ ಹಸಿರು ಮೇದು ಗಬ್ಬವಾದ ಕುರಿಗಳು ದೀಪಾವಳಿಯ ನಂತರ ಈಯತೊಡಗುತ್ತವೆ. ಎರಡು ವರ್ಷಗಳ ಹಿಂದೆ ಆ ಹೊತ್ತಿನಲ್ಲಿ ಒಂದು ಕುರಿ ಸತ್ತ ಮರಿ ಹಾಕಿತು. ನೂರರಲ್ಲಿ ಒಂದೆರಡು ಹೀಗಾಗುವುದು ಎಲ್ಲ ಹಿಂಡಿನಲ್ಲಿಯೂ ಉಂಟು. ಬಾಗಿಲಲ್ಲಿ ಒತ್ತಿಕೊಂಡು ನುಗ್ಗಿದರೂ ಆದೀತು, ಟಗರು ಗುದ್ದಿದರೂ ಆದೀತು. ಯಾರೂ ಚಿಂತಿಸಲಿಲ್ಲ. ನಾಲ್ಕು ದಿನ ಬಿಟ್ಟು ಎರಡು ಹಾಕಿದವು. ಅನಂತರ ತಮ್ಮನ ಫೋನು ಬಂದರೆ ನನಗೆ ಎದೆ ಹಾರುತ್ತಿತ್ತು. "ಅಕ್ಕಾ, ಇವತ್ತ ಮತ್ತೊಂದ ಕಂದ ಹಾಕೇತಿ" ಎನ್ನುವುದೇ ಅವನ ಮೊದಲ ಮಾತಾಯಿತು. ಹದಿನೈದು ದಿನದೊಳಗೆ ಲೆಕ್ಕ ಒಂಬತ್ತಕ್ಕೆ ಬಂತು. ಹುಟ್ಟಿದ ಮರಿಗಳಲ್ಲಿಯೂ ಎರಡು ನಿತ್ರಾಣವಾಗಿ ಮೊಲೆಗೆ ಬಾಯಿ ಹಚ್ಚದೆಯೇ ಸತ್ತವು.

ಅಜ್ಜನು ಚಳಿಗಾಳಿ ಎಂದ. ಮಗ್ಗುಲ ಹೊಲದವರು ಜೋಳದ ಎಳೆಯ ಚಿಗುರು ತಿಂದಿರಬೇಕು ಎಂದರು. ದೃಷ್ಟಿ ತಗಲಿದೆಯೆಂದು ಇನ್ನು ಕೆಲವರು ಹಟ್ಟಿಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದಿನವೂ ಹಟ್ಟಿಯ ಮುಂದಿನಿಂದ ನೀರಿಗೆ ಹೋಗುತ್ತಿದ್ದ ಒಬ್ಬ ವಿಧವೆಯ ಹೆಸರು ಮೆಲ್ಲನೆ ಜನರ ಬಾಯಿಗೆ ಬಂತು. ಯಾರೂ ಆಕೆಯೆದುರು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಆಕೆ ತಾನಾಗಿಯೇ ಸುತ್ತು ದಾರಿ ಹಿಡಿದಳು.

ತಿಕೋಟಾದ ಕಡೆಯಿಂದ ಬಂದ ಪಶುವೈದ್ಯರು ಕುರಿಗಳನ್ನು ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: ಸತ್ತ ಮರಿಗಳನ್ನೂ ಮಾಸನ್ನೂ ಎಲ್ಲಿ ಹಾಕಿದಿರಿ? ಮುಳ್ಳುಬೇಲಿಯ ಆಚೆ ಎಸೆದಿದ್ದರು. ನಾಯಿಗಳು ಎಳೆದುಕೊಂಡು ಹೋಗಿದ್ದವು. ವೈದ್ಯರು ಕೈಗವಸು ಹಾಕಿಕೊಂಡು ಆ ದಿನ ಬಿದ್ದ ಮರಿಯನ್ನೂ ಮಾಸಿನ ತುಣುಕನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿಟ್ಟರು. ಕುರಿಗಳ ಕೊರಳಿನಿಂದ ರಕ್ತ ತೆಗೆದರು. ಎಲ್ಲವೂ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೋಗಬೇಕಾಗಿತ್ತು.

ಕಂದು ಹಾಕಿಸುವ ರೋಗ ಒಂದೇ ಅಲ್ಲವೆಂದು ನನಗೆ ಆಗ ತಿಳಿಯಿತು. ಕ್ಲಮೈಡಿಯಾ ಎಂಬ ಸೂಕ್ಷ್ಮಾಣು ಮಾಸಿನಲ್ಲಿ ನೆಲೆಸಿ ಕೊನೆಯ ವಾರಗಳಲ್ಲಿ ಮರಿಯನ್ನು ಕೊಲ್ಲುತ್ತದೆ. ಟಾಕ್ಸೋಪ್ಲಾಸ್ಮಾ ಬೆಕ್ಕಿನ ಮಲದಿಂದ ಮೇವಿಗೆ ಬರುತ್ತದೆ. ಕ್ಯೂ ಜ್ವರದ ಸೂಕ್ಷ್ಮಾಣು ಮಾಸು ಒಣಗಿದ ಧೂಳಿನಲ್ಲಿಯೂ ಹಾರಾಡಿ ಉಸಿರಿನೊಳಗೆ ಹೋಗುತ್ತದೆ. ನೀಲಿ ನಾಲಿಗೆ ರೋಗದಲ್ಲಿಯೂ ಕುರಿ ಕಂದು ಹಾಕುವುದುಂಟು. ಕಣ್ಣಿನಿಂದ ನೋಡಿ ಇಂಥದ್ದೇ ಎಂದು ಹೇಳಲು ಯಾವ ವೈದ್ಯನಿಂದಲೂ ಆಗದು. ಆದ್ದರಿಂದಲೇ ಆ ಡಬ್ಬಿ. ವರದಿ ಬರುವವರೆಗೆ ಮಾಡಬೇಕಾದುದು ಮಾತ್ರ ಎಲ್ಲಕ್ಕೂ ಒಂದೇ: ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟುವುದು; ಬಿದ್ದದ್ದನ್ನು ಬರಿಗೈಯಿಂದ ಮುಟ್ಟದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು; ಹಾಸನ್ನು ಸುಡುವುದು. ಬಸುರಿ ಹೆಂಗಸರು ಈಯುವ ಕುರಿಯ ಹತ್ತಿರ ಸುಳಿಯಲೇಬಾರದೆಂದು ವೈದ್ಯರು ಒತ್ತಿ ಹೇಳಿದರು. ನಮ್ಮ ಸೀಮೆಯ ಬಿಸಿಲು ಇಲ್ಲಿ ಉಪಕಾರಿ. ಅನೇಕ ಸೂಕ್ಷ್ಮಾಣುಗಳು ನೇರ ಬಿಸಿಲಿನಲ್ಲಿ ಬೇಗನೆ ಸಾಯುತ್ತವೆ. ನೆರಳು, ತೇವ, ಸಗಣಿ ಸೇರಿದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ.

ವರದಿ ಬಂತು: ಬ್ರುಸೆಲ್ಲೋಸಿಸ್. ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣದ ದ್ರಾವಣದ ಹನಿಯೊಡನೆ ರಕ್ತದ ತಿಳಿಯ ಹನಿಯನ್ನು ಬೆರೆಸುತ್ತಾರೆ. ನಾಲ್ಕು ನಿಮಿಷದೊಳಗೆ ಅದು ಕಾಳುಕಾಳಾದರೆ ರೋಗದ ಸುಳಿವು. ಹಿಂಡಿನಲ್ಲಿ ಹದಿಮೂರು ಕುರಿಗಳ ರಕ್ತ ಹಾಗಾಯಿತು. ಅವುಗಳಲ್ಲಿ ನಾಲ್ಕು ಕಂದು ಹಾಕದೆ ಸರಿಯಾಗಿಯೇ ಈದಿದ್ದವು.

ಇಲ್ಲಿಯೇ ಈ ರೋಗದ ಮೋಸವಿರುವುದು. ಹೆಚ್ಚಿನ ಕುರಿಗಳು ಒಮ್ಮೆ ಕಂದು ಹಾಕುತ್ತವೆ. ಮುಂದಿನ ಸಲ ಜೀವಂತ ಮರಿಯನ್ನೇ ಕೊಡುತ್ತವೆ. ನಾವು ಗುಣವಾಯಿತೆಂದು ತಿಳಿಯುತ್ತೇವೆ. ಆದರೆ ಹಾಲಿನಲ್ಲಿ, ಈಯುವಾಗಿನ ನೀರಿನಲ್ಲಿ, ಮಾಸಿನಲ್ಲಿ ರೋಗ ಹೊರಬೀಳುತ್ತಲೇ ಇರುತ್ತದೆ. ಔಷಧ ಕೊಟ್ಟು ಕುರಿಯಿಂದ ಅದನ್ನು ಬೇರುಸಹಿತ ಕೀಳಲಾಗದು. ದನ ಎಮ್ಮೆಗಳ ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಆ ಬ್ರುಸೆಲ್ಲಾ ಲಸಿಕೆ ಕುರಿಗಳಿಗಾಗಿ ಇಟ್ಟುದಲ್ಲ.

ಮರಿ ಕಳೆದುಕೊಂಡ ಕುರಿ ಕೆಲವೇ ವಾರಗಳಲ್ಲಿ ಮೈತುಂಬಿಕೊಳ್ಳುತ್ತದೆ. ಹಾಲೂಡಿಸುವ ಕೆಲಸವಿಲ್ಲವಲ್ಲ. ಆ ಹೊತ್ತಿಗೆ ಸರಿಯಾಗಿ ದಲ್ಲಾಳಿಯೊಬ್ಬ ಹಟ್ಟಿಗೆ ಬಂದ. ಈ ಒಂಬತ್ತೂ ಸಂತೆಯಲ್ಲಿ ಒಳ್ಳೆಯ ತಾಯಿಕುರಿಗಳೆಂದು ಹೋಗುತ್ತವೆ, ಯಾರು ಕೇಳುತ್ತಾರೆ ಎಂದ. ತಮ್ಮನಿಗೆ ಸೊಸೈಟಿಯ ಸಾಲವಿತ್ತು, ಮಗಳ ಕಾಲೇಜಿನ ಫೀ ಇತ್ತು. ಹುಟ್ಟದ ಮರಿಗೆ ಪರಿಹಾರ ಕೊಡುವವರು ಯಾರೂ ಇಲ್ಲ. "ಎಲ್ಲಾರೂ ಹಂಗ ಮಾಡ್ತಾರ, ಅಕ್ಕಾ. ನನಗೂ ಯಾರೋ ಹಂಗ ಮಾಡೇ ಈ ರೋಗ ಬಂದಿರಬೇಕು" ಎಂದು ಅವನು ಹೇಳಿದಾಗ ನನ್ನ ಬಾಯಿಂದ ಉತ್ತರ ಬರಲಿಲ್ಲ. ಅವನ ಮಾತು ಬಹುಮಟ್ಟಿಗೆ ನಿಜವಾಗಿತ್ತು. ವರ್ಷದ ಹಿಂದೆ ಸಂತೆಯಿಂದ ತಂದ ಆರು ಕುರಿಗಳಲ್ಲಿ ಐದರ ರಕ್ತ ಕಾಳುಗಟ್ಟಿತ್ತು.

ವಾಚಕರೇ, ಈ ಸೂಕ್ಷ್ಮಾಣುವಿನ ಹೆಸರು ಮೆಲಿಟೆನ್ಸಿಸ್, ಅಂದರೆ ಮಾಲ್ಟಾ ದ್ವೀಪದ್ದು. ಸಂತ ಪೌಲನ ಹಡಗು ಒಡೆದು ಅವನು ದಡ ಸೇರಿದ ದ್ವೀಪವೇ ಅದು. ಅಲ್ಲಿ ಅವನು ಪೊಪ್ಲಿಯನ ತಂದೆಯನ್ನು ಜ್ವರದಿಂದ ಎಬ್ಬಿಸಿದ ಸಂಗತಿ ನಿಮಗೆ ಗೊತ್ತು. ಆ ಜ್ವರ ಯಾವುದೋ, ಅದನ್ನು ಇದಕ್ಕೆ ಗಂಟುಹಾಕುವ ಸಾಹಸ ನನಗೆ ಬೇಡ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಮಾಲ್ಟಾದಲ್ಲಿ ಸತ್ತ ಸೈನಿಕರ ಗುಲ್ಮದಲ್ಲಿ ಈ ಸೂಕ್ಷ್ಮಾಣುವನ್ನು ಕಂಡ. ಅದು ಎಲ್ಲಿಂದ ಬರುತ್ತದೆಂದು ತಿಳಿಯಲು ಮತ್ತೆ ಹದಿನೆಂಟು ವರ್ಷ ಬೇಕಾದವು. 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿತ್ ಎಂಬ ಆ ದ್ವೀಪದ ವೈದ್ಯನೇ ಆಡುಗಳ ರಕ್ತ ಪರೀಕ್ಷಿಸಿದ. ಮನೆಮನೆಯ ಬಾಗಿಲಿಗೆ ಬಂದು ಹಾಲು ಕೊಡುತ್ತಿದ್ದ, ನೋಡಲು ಏನೊಂದು ಊನವಿಲ್ಲದ ಆಡುಗಳು ಅವು. ಅದೇ ವರ್ಷ ಮಾಲ್ಟಾದ ಆಡುಗಳನ್ನು ಅಮೆರಿಕೆಗೆ ಒಯ್ದ ಹಡಗಿನಲ್ಲಿ ಆ ಹಾಲು ಕುಡಿದ ಸಿಬ್ಬಂದಿ ಒಬ್ಬೊಬ್ಬರಾಗಿ ಜ್ವರದಲ್ಲಿ ಬಿದ್ದರು. ಕೊಂಡವರಿಗೂ ಒಯ್ದವರಿಗೂ ಅವು ಮೈತುಂಬಿದ ಆಡುಗಳಾಗಿಯೇ ಕಂಡಿದ್ದವು.

ಅಷ್ಟು ದೂರ ಹೋಗುವ ಅಗತ್ಯವೂ ನಮಗಿಲ್ಲ. ನಮ್ಮ ಊರು ಇನ್ನೂ ಬಿಜಾಪುರವೆಂದು ಕರೆಸಿಕೊಳ್ಳುತ್ತಿದ್ದಾಗ, ಇಲ್ಲಿಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಡಾ. ಬಿ.ಜಿ. ಮಂಟೂರ ಮತ್ತು ಅವರ ಸಂಗಡಿಗರು ಜ್ವರ, ಕೀಲುನೋವು ಎಂದು ಬಂದವರ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 2004ರಲ್ಲಿ 93 ಮಕ್ಕಳ ವಿಷಯವನ್ನೂ, 2006ರಲ್ಲಿ ಹದಿನಾರು ವರ್ಷಗಳಲ್ಲಿ ಕಂಡ 495 ವಯಸ್ಕರ ವಿಷಯವನ್ನೂ ಪ್ರಕಟಿಸಿದರು. ಜಗತ್ತಿನ ವೈದ್ಯರು ಈ ರೋಗಕ್ಕಾಗಿ ನಮ್ಮ ಜಿಲ್ಲೆಯ ಹೆಸರನ್ನು ಓದುತ್ತಾರೆ. ನಮ್ಮ ಹಟ್ಟಿಗಳಲ್ಲಿ ಅದು ತಿಳಿದಿಲ್ಲ.

ತಮ್ಮನ ಲೆಕ್ಕಾಚಾರ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಅಜ್ಜನು ಮಲಗಿದ. ಸಂಜೆಯಾದರೆ ಜ್ವರ, ನಡುರಾತ್ರಿ ಕಂಬಳಿ ತೊಯ್ಯುವಷ್ಟು ಬೆವರು, ಸೊಂಟದಲ್ಲಿ ಏಳಲಾಗದಂಥ ನೋವು. ಒಂದು ದವಾಖಾನೆಯಲ್ಲಿ ಟೈಫಾಯ್ಡ್ ಎಂದು ಔಷಧ ಕೊಟ್ಟರು, ಇನ್ನೊಂದರಲ್ಲಿ ವಯಸ್ಸಾಯಿತು ಎಂದರು. ಒಂದೂವರೆ ತಿಂಗಳು ಹೀಗೆ ಕಳೆಯಿತು. ಕಡೆಗೆ ವಿಜಯಪುರದಲ್ಲಿ ಒಬ್ಬ ತರುಣ ವೈದ್ಯರು ನಾಡಿ ಹಿಡಿದುಕೊಂಡೇ "ಅಜ್ಜಾರ, ಕುರಿ ಕಾಯ್ತೀರೇನ್ರಿ?" ಎಂದು ಕೇಳಿದರು. ಐವತ್ತು ವರ್ಷ ಬರಿಗೈಯಿಂದ ಮರಿ ಎಳೆದವನು, ಆಡಿನ ಕೆಚ್ಚಲಿನಿಂದ ನೇರ ಬಾಯಿಗೆ ಹಾಲು ಕರೆದುಕೊಂಡವನು ಅವನು. ರಕ್ತದ ವರದಿ ಅವನ ಕುರಿಗಳ ವರದಿಯಂತೆಯೇ ಬಂತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎಂಬ ಎರಡು ಗುಳಿಗೆಗಳನ್ನು ಆರು ವಾರ ಒಂದು ದಿನವೂ ತಪ್ಪದೆ ನುಂಗಬೇಕೆಂದರು. ನಡುವೆ ಬಿಟ್ಟರೆ ಜ್ವರ ಮರಳುತ್ತದೆ.

ಆಸ್ಪತ್ರೆಯ ಜಗುಲಿಯ ಮೇಲೆ ಕುಳಿತು ಅಜ್ಜನು ತಮ್ಮನಿಗೆ ಒಂದೇ ಮಾತು ಹೇಳಿದ: "ಆ ಕುರಿ ಒಯ್ದಾವಗೂ ಒಬ್ಬ ಕಾಯಾವ ಇರ್ತಾನಪ್ಪ." ದಲ್ಲಾಳಿಗೆ ಅಂದೇ ಬೇಡವೆಂದು ಫೋನು ಹೋಯಿತು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009ರಲ್ಲಿ ಬಂದ ಕೇಂದ್ರ ಕಾನೂನು ಸಹ ಇದನ್ನೇ ಹೇಳುತ್ತದೆ: ರೋಗವಿದೆಯೆಂದು ತೋರಿದರೆ ಮಾಲೀಕನು ತಿಳಿಸಬೇಕು, ಬೇರೆ ಕಟ್ಟಬೇಕು, ಸಂತೆಗೆ ಒಯ್ಯಬಾರದು. ಆ ಕಾನೂನನ್ನು ಹಿಡಿದುಕೊಂಡು ನಮ್ಮ ಹಟ್ಟಿಗೆ ಯಾರೂ ಬಂದಿರಲಿಲ್ಲ, ಬರುವವರೂ ಇರಲಿಲ್ಲ.

ಹದಿಮೂರು ಕುರಿಗಳನ್ನು ವೈದ್ಯರ ಎದುರಿನಲ್ಲಿ, ಕಾರಣ ತಿಳಿಸಿ, ಕಟುಕರಿಗೆ ಕೊಟ್ಟರು. ಕೊಯ್ಯುವವರಿಗೂ ರೋಗ ತಗಲುತ್ತದೆ. ಆದ್ದರಿಂದ ಕೈಗವಸು ಕೊಟ್ಟು, ಕೆಚ್ಚಲು ಮತ್ತು ಗರ್ಭಕೋಶವನ್ನು ಹೂಳಿಸಿದರು. ಚೆನ್ನಾಗಿ ಬೆಂದ ಮಾಂಸದಿಂದ ಭಯವಿಲ್ಲ. ಸಿಕ್ಕಿದ ಬೆಲೆ ದಲ್ಲಾಳಿ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸೊಸೈಟಿಯ ಸಾಲ ಆ ವರ್ಷ ತೀರಲಿಲ್ಲ. ಮಗಳ ಫೀಗೆ ನನ್ನ ಪಿಂಚಣಿಯಲ್ಲಿ ಸ್ವಲ್ಪ ಹೋಯಿತು.

ಅದಕ್ಕಿಂತ ಕಷ್ಟದ ಕೆಲಸ ಒಂದು ಉಳಿದಿತ್ತು. ಶ್ರಾವಣದಲ್ಲಿ ತಮ್ಮನು ಬಬಲೇಶ್ವರದ ಕಡೆಯ ಒಬ್ಬರಿಗೆ ಒಂದು ಟಗರು ಮಾರಿದ್ದ. ರೋಗದ ಹೆಸರೇ ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಹೋಗಿ ಹೇಳಿದ. ಅವರು ಮೊದಲು ಜಗಳಕ್ಕೆ ಬಂದರು, ಹಣ ಮರಳಿ ಕೇಳಿದರು, ಊರೆಲ್ಲ ಹೇಳಿಕೊಂಡು ಬಂದರು. ಒಂದು ವರ್ಷ ನಮ್ಮ ಹಟ್ಟಿಯ ಮರಿ ಕೊಳ್ಳಲು ಜನ ಹಿಂಜರಿದರು. ಆದರೆ ಅವರೂ ತಮ್ಮ ಹಿಂಡಿನ ರಕ್ತ ಪರೀಕ್ಷೆ ಮಾಡಿಸಿದರು. ಎರಡು ಕುರಿಗಳಲ್ಲಿ ಸಿಕ್ಕಿತು, ಹಬ್ಬುವ ಮೊದಲೇ ತೆಗೆದರು. ಈಗ ಅವರ ಪರಿಚಯದವರು ಯಾರಾದರೂ ಕುರಿ ಕಂದು ಹಾಕಿತೆಂದರೆ ತಮ್ಮನಿಗೇ ಫೋನು ಬರುತ್ತದೆ. 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿರಿ, ಮುಟ್ಟಬೇಡಿರಿ ಎಂದು ಅವನು ಹೇಳುತ್ತಾನೆ.

ವರದಿ ಬಂದ ಮರುದಿನವೇ ತಮ್ಮನ ಹೆಂಡತಿ ಆ ವಿಧವೆಯ ಮನೆಗೆ ಹೋಗಿ, ರೋಗದ ಹೆಸರು ಬರೆದ ಕಾಗದವನ್ನೇ ತೋರಿಸಿ ಬಂದಿದ್ದಳು. ಆಕೆಗೆ ಓದಲು ಬರುವುದಿಲ್ಲ; ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳಂತೆ. ಹಳೆಯ ದಾರಿಗೆ ಮರಳಲು ಆಕೆಗೆ ಬೇಸಿಗೆಯವರೆಗೂ ಹಿಡಿಯಿತು.

ಅಜ್ಜನು ಆರು ವಾರದ ಗುಳಿಗೆ ಮುಗಿಸಿ ಹಟ್ಟಿಗೆ ಬಂದಿದ್ದಾನೆ. ಮರಿ ಎಳೆಯುವಾಗ ಕೈಗವಸು ಹಾಕಿಕೊಳ್ಳುತ್ತಾನೆ, ಜಾರುತ್ತದೆಂದು ಬೈಯುತ್ತಾನೆ. ಆಡಿನ ಹಾಲನ್ನು ಈಗ ತಮ್ಮನ ಹೆಂಡತಿ ಮೂರು ಸಲ ಉಕ್ಕಿಸಿಯೇ ಕೊಡುತ್ತಾಳೆ. ಮೊನ್ನೆ ನಾನು ಹೋದಾಗ ಆ ಲೋಟವನ್ನು ನನ್ನ ಕಡೆ ಚಾಚಿ, "ನೋಡ ಯವ್ವಾ, ಇದೇನ ಹಾಲೋ, ಬಿಸಿನೀರೋ" ಎಂದು ದೂರಿದ. ಆಮೇಲೆ ಊದಿ ಊದಿ ಪೂರ್ತಿ ಕುಡಿದ.