ಖಾನ್ ಸಿಂಗನ ಮನೆತನ

ವಿಜ್ಞಾನ ಕಥೆಗಳ ಪಾತ್ರಗಳ ಕುಲಗೋತ್ರ ಕೆದಕುವುದು ನನಗೆ ಬಹಳ ಪ್ರೀತಿಯ ಹವ್ಯಾಸ. ‘ಸ್ಟಾರ್ ಟ್ರೆಕ್’ನ ಖಾನ್ ನೂನಿಯನ್ ಸಿಂಗನಷ್ಟು ಅದಕ್ಕೆ ಮೇವು ಒದಗಿಸಿದ ಪಾತ್ರ ಇನ್ನೊಂದಿಲ್ಲ. ಆದರೆ ಅವನ ಕುರಿತ ಜಗಳವೆಲ್ಲ ಮುಖದ ಬಣ್ಣಕ್ಕೆ ಬಂದು ನಿಂತುಬಿಡುತ್ತದೆ. 1967ರಲ್ಲಿ ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್‌ಗೆ ಕಂದು ಬಣ್ಣ ಬಳಿದರು, 2013ರಲ್ಲಿ ಬಿಳಿಯ ಬೆನೆಡಿಕ್ಟ್ ಕಂಬರ್‌ಬ್ಯಾಚ್‌ಗೆ ಅದೇ ಹೆಸರಿಟ್ಟರು, ಯಾವುದು ಹೆಚ್ಚು ತಪ್ಪು? ಪ್ರಶ್ನೆ ಸಣ್ಣದಲ್ಲ. ಆದರೆ ಅಲ್ಲಿಗೇ ನಿಂತರೆ ಅದಕ್ಕಿಂತ ಹಳೆಯ ಲೋಪ ಕಣ್ಣಿಗೆ ಬೀಳುವುದಿಲ್ಲ. ಖಾನನಿಗೆ ಮೊದಲ ದಿನದಿಂದಲೂ ವಂಶದ ಹೆಸರು ಕೊಟ್ಟರು, ವಂಶದ ನೆನಪು ಕೊಡಲಿಲ್ಲ. ನನ್ನ ತಕರಾರು ಅದು.

ಪುರಾವೆ ಎಷ್ಟಿದೆ ನೋಡಿ. 1967ರ ‘ಸ್ಪೇಸ್ ಸೀಡ್’ ಕಂತಿನಲ್ಲಿ ನೌಕೆಯ ಇತಿಹಾಸಕಾರ್ತಿ ಮಾರ್ಲಾ ಮಗೈವರ್ಸ್, ನಿದ್ದೆಯಲ್ಲಿರುವ ಅಪರಿಚಿತನ ಮುಖ ನೋಡಿ, ಉತ್ತರ ಭಾರತದವನಿರಬೇಕು, ಬಹುಶಃ ಸಿಖ್ಖ ಎನ್ನುತ್ತಾಳೆ. ಆಮೇಲೆ ಅವನಿಗೆ ಪೇಟ ಸುತ್ತಿ ಚಿತ್ರ ಬರೆಯುತ್ತಾಳೆ. 1992ರಿಂದ 1996ರವರೆಗೆ ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ ಆಳಿದವನು ಎಂದು ನೌಕೆಯ ಅಧಿಕಾರಿ ಸ್ಪಾಕ್ ಲೆಕ್ಕ ಒಪ್ಪಿಸುತ್ತಾನೆ. ಇಷ್ಟೇ: ಒಂದು ಊಹೆ, ಒಂದು ಚಿತ್ರ, ಒಂದು ಹೆಸರು. ಸಿಂಗ್ ಅಂದಮೇಲೆ ಸಿಖ್ಖನೇ ಎನ್ನುವವರು ನಮ್ಮ ವಿಜಯನಗರ ಜಿಲ್ಲೆಯ ಕಡೆ ಒಮ್ಮೆ ನೋಡಬೇಕು. ಹೊಸಪೇಟೆಯ ರಾಜಕಾರಣಿ ಆನಂದ್ ಸಿಂಗ್ ರಜಪೂತರು, ಕನ್ನಡದಲ್ಲೇ ಮತ ಕೇಳಿದವರು. ಖಾನ್ ಮತ್ತು ಸಿಂಗ್ ಒಬ್ಬನ ಹೆಸರಿನಲ್ಲಿ ಕೂಡುವುದೇ ಅಸಂಬದ್ಧ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಮೊಹರಂನಲ್ಲಿ ಊರಿಗೆ ಊರೇ ಪೀರಲದೇವರ ಹಿಂದೆ ನಡೆಯುವ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಹುಸೇನಪ್ಪ, ಫಕೀರಪ್ಪ ಎಂಬ ಹೆಸರುಗಳನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೆಸರೊಂದರಿಂದ ಏನೂ ಸಾಬೀತಾಗದು, ಏನೂ ಸುಳ್ಳಾಗದು.

ಹಾಗಾದರೆ ಏನನ್ನು ನೋಡಬೇಕು? ಹೂವಿನ ಹಡಗಲಿ ತಾಲೂಕಿನ ಮೈಲಾರಕ್ಕೆ ಬನ್ನಿ. ದೇವರನ್ನು ಕಥೆಯ ಪಾತ್ರದ ಪಕ್ಕ ನಿಲ್ಲಿಸುತ್ತಿಲ್ಲ, ಪುರಾವೆ ಓದುವ ಬಗೆಯನ್ನಷ್ಟೇ ಅಲ್ಲಿಂದ ಎರವಲು ಪಡೆಯುತ್ತಿದ್ದೇನೆ. ಇಲ್ಲಿ ಮೈಲಾರಲಿಂಗ, ಮಹಾರಾಷ್ಟ್ರದಲ್ಲಿ ಖಂಡೋಬಾ, ತೆಲುಗು ನಾಡಿನಲ್ಲಿ ಮಲ್ಲಣ್ಣ. ಯಾರವನು ಎಂಬ ಪ್ರಶ್ನೆಗೆ ಯಾರೂ ಮೂರ್ತಿಯ ಬಣ್ಣ ಅಳೆಯಲು ಹೋಗುವುದಿಲ್ಲ. ಖಂಡೋಬಾನ ಕ್ಷೇತ್ರವಾದ ಜೇಜುರಿಯ ಕಥೆಯಲ್ಲಿ ಅವನ ಹೆಂಡತಿಯರಲ್ಲಿ ಮ್ಹಾಳಸಾ ಲಿಂಗಾಯತ ವರ್ತಕರ ಮಗಳು, ಬಾಣಾಯಿ ಕುರಿಗಾಹಿ ಧನಗರರ ಮಗಳು. ಸವತಿಯರ ಜಗಳ ಹಾಡಾಗಿ ಉಳಿದಿದೆ. ಕರಿ ಕಂಬಳಿ ಹೊದ್ದು ಡಮರು ನುಡಿಸುವ ಗೊರವರಿದ್ದಾರೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವಿದೆ. ಮರಾಠಿ ಭಕ್ತರ ಜಯಘೋಷದೊಳಗೂ ನಮ್ಮ ಏಳುಕೋಟಿ ಕೂತಿದೆ. ಯಾರನ್ನು ಮದುವೆಯಾದ, ಯಾರು ಹಾಡಿದರು, ಯಾವ ಮಾತಿನಲ್ಲಿ ಕೂಗಿದರು, ಇವು ಒಬ್ಬನ ನೆಲೆ ಹೇಳುತ್ತವೆ. ಅವನು ಮೂರು ನಾಡಿಗೂ ಸೇರಿರುವುದರಿಂದ ಯಾವ ನಾಡಿನಲ್ಲೂ ಅವನ ಗುರುತು ತೆಳುವಾಗಿಲ್ಲ.

ಈ ಅಳತೆಯಿಂದ ಖಾನನನ್ನು ನೋಡಿದರೆ ಸಂಕಟವಾಗುತ್ತದೆ. 1967ರಲ್ಲಿ ಅವನು ನೆನೆಯುವುದು ಮಿಲ್ಟನ್ನನನ್ನು. 1982ರ ‘ದಿ ರಾತ್ ಆಫ್ ಖಾನ್’ನಲ್ಲಿ ಸಾಯುವಾಗ ಬಾಯಿಗೆ ಬರುವುದು ‘ಮೊಬಿ ಡಿಕ್’ನ ಮಾತು. ಪಂಜಾಬಿಯ ಒಂದು ಬೈಗುಳವಿಲ್ಲ, ತಾಯಿಯ ಹೆಸರಿಲ್ಲ, ಒಂದು ಊಟದ ನೆನಪಿಲ್ಲ. ಭವಿಷ್ಯದಲ್ಲಿ ಇಂಥ ಭೇದವೆಲ್ಲ ಅಳಿದಿರುತ್ತದೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಅದೇ ನೌಕೆಯಲ್ಲಿ ಸ್ಕಾಟಿ ತನ್ನ ಸ್ಕಾಟ್ಲೆಂಡಿನ ಉಚ್ಚಾರ ಬಿಟ್ಟಿಲ್ಲ. ಚೆಕೊವ್ ಲೋಕದ ಒಳ್ಳೆಯದನ್ನೆಲ್ಲ ರಷ್ಯಾದ ಖಾತೆಗೆ ಬರೆಯುತ್ತಾನೆ. ಉಹುರಾಗೆ ಸ್ವಾಹಿಲಿ ಬರುತ್ತದೆ. ಅವರಿಗೆ ಉಳಿದದ್ದು ಖಾನನಿಗೆ ಮಾತ್ರ ಏಕೆ ಅಳಿಯಿತು? ಮೇಲಾಗಿ ಅವನು ಇಪ್ಪತ್ತನೇ ಶತಮಾನದಲ್ಲೇ ಬೆಳೆದು, ನಿದ್ದೆಯಲ್ಲಿ ಕಾಲ ದಾಟಿ ಬಂದವನು.

2013ರ ಆಯ್ಕೆಯನ್ನು ಸಮರ್ಥಿಸುವವರಲ್ಲಿ ಇನ್ನೊಂದು ವಾದವಿದೆ: ಕಂದು ಮುಖದವನನ್ನು ಬಾಂಬ್ ಹಾಕುವವನಾಗಿ ತೋರಿಸದಿದ್ದದ್ದೇ ಒಳ್ಳೆಯದಾಯಿತು. ಈ ಕಾಳಜಿಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಖಾನ್ ಬರೀ ಖಳನಲ್ಲ. ಆ ಮೊದಲ ಕಂತಿನಲ್ಲಿ ನೌಕೆಯ ನಾಯಕ ಕರ್ಕ್, ಸ್ಕಾಟಿ ಇಬ್ಬರೂ ಅವನ ಬಗ್ಗೆ ಮೆಚ್ಚುಗೆ ಬಿಚ್ಚಿ ಹೇಳುತ್ತಾರೆ, ಸ್ಪಾಕ್ ಬೆರಗಾಗುತ್ತಾನೆ. ಬುದ್ಧಿ, ಬಲ, ಘನತೆಗಳಲ್ಲಿ ನಾಯಕನನ್ನು ಮೀರಿಸುವ ಏಷ್ಯಾದವನೊಬ್ಬ 1967ರ ಅಮೆರಿಕದ ಮನೆಮನೆಯ ಟಿವಿಯಲ್ಲಿ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಮುಖ ಬದಲಿಸಿದಾಗ ಅಪಾಯದ ಜೊತೆ ಆ ಘನತೆಯೂ ಹೋಯಿತು. ಶಸ್ತ್ರಚಿಕಿತ್ಸೆಯಿಂದ ರೂಪ ಬದಲಾಯಿತೆಂದು ಆಮೇಲೆ ಕಾಮಿಕ್ಸ್‌ನಲ್ಲಿ ಸಮಜಾಯಿಷಿ ಬಂತು. ಮುಖವೇ ಸರ್ವಸ್ವ ಎಂದುಕೊಂಡವರಿಗಷ್ಟೇ ಅದು ಉತ್ತರವಾದೀತು.

2025ರಲ್ಲಿ ‘ಸ್ಟಾರ್ ಟ್ರೆಕ್: ಖಾನ್’ ಎಂಬ ಧ್ವನಿ ಸರಣಿ ಬಂತು. ಸೆಟಿ ಆಲ್ಫಾ ಗ್ರಹದಲ್ಲಿ ಖಾನ್ ಕಳೆದ ವರ್ಷಗಳ ಕಥೆ ಅದು. ಅವನಿಗೆ ದನಿ ಕೊಟ್ಟವರು ಲಂಡನ್ನಿನಲ್ಲಿ ಹುಟ್ಟಿದ, ಕೇರಳ ಮೂಲದ ನವೀನ್ ಆಂಡ್ರ್ಯೂಸ್. ಮಲಯಾಳಿ ಮನೆತನದವರು ಸಿಖ್ಖನಾಗುವುದು ಹೇಗೆ ಎಂದು ಮತ್ತೆ ಹಳೇ ಜಗಳಕ್ಕೆ ಇಳಿಯಬಹುದು. ನನಗೆ ಅದು ಬೇಡ. ಆ ಗ್ರಹದ ಮರಳಿನಲ್ಲಿ, ಅವನ ಹೆಂಡತಿಯಾಗಿದ್ದ ಮಾರ್ಲಾ ಸತ್ತಾಗ ಖಾನ್ ಅವಳನ್ನು ಸುಟ್ಟನೋ ಹೂತನೋ, ಯಾವ ಪ್ರಾರ್ಥನೆ ಹೇಳಿದ ಎಂಬುದನ್ನು ಬರೆಯುವವರು ಒಂದು ಗಳಿಗೆ ಯೋಚಿಸಬೇಕು; ಅವನ ಮನೆತನದ ಬಗ್ಗೆ ಅವರನ್ನು ಕೇಳಬೇಕಾದ ಪ್ರಶ್ನೆ ಅದೊಂದೇ.